ಕಾರಿನ ಒಂದು ಲೈಟ್ ಉರೀತಿಲ್ವಾ? ಗ್ಯಾರೇಜಿಗೆ ಹೋಗೋ ಮುಂಚೆ ಇಷ್ಟು ನೋಡಿಕೊಳ್ಳಿ

ಸಂತೆ ಮುಗಿಸಿ, ಮಾಲು ಹೇರಿಕೊಂಡು ರಾತ್ರಿ ಊರಿಗೆ ಬರ್ತಿರುವಾಗ ಬಲಗಡೆಯ ಹೆಡ್‌ಲೈಟ್ ಆರಿಹೋದರೆ, ಎದುರಿನವರಿಗೆ ನಿಮ್ಮ ಕಾರು ಬೈಕಿನಂತೆ ಕಾಣುತ್ತೆ. ಪಕ್ಕದಲ್ಲಿ ಜಾಗ ಇದೆ ಅಂದುಕೊಂಡು ನೇರ ನುಗ್ಗಿ ಬರ್ತಾರೆ. ಹಿಂದಿನ ಲೈಟ್ ಹೋದರಂತೂ ಕತ್ತಲಲ್ಲಿ ಗಾಡಿ ಇರೋದೇ ಗೊತ್ತಾಗಲ್ಲ. ಹಾಗಾಗಿ 'ನಾಳೆ ನೋಡೋಣ' ಅನ್ನಬೇಡಿ.

ಒಂದಾ, ಎರಡಾ?

ಮೊದಲು ಇದನ್ನು ನೋಡಿ. ಒಂದು ಕಡೆ ಮಾತ್ರ ಹೋಗಿದ್ದರೆ ಹೆಚ್ಚಾಗಿ ಬಲ್ಬ್, ಹೋಲ್ಡರ್ ಅಥವಾ ಅರ್ಥ್ ಸಮಸ್ಯೆ. ಎರಡೂ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ರಿಲೇ ಅಥವಾ ಸ್ವಿಚ್ ಕಡೆ ಗಮನ ಕೊಡಿ. ಕೆಲವು ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಫ್ಯೂಸ್ ಇರುತ್ತೆ, ಅದನ್ನೂ ನೋಡಿ. ಇಂಡಿಕೇಟರ್ ಇದ್ದಕ್ಕಿದ್ದಂತೆ ಪಟಪಟ ಅಂತ ಜೋರಾಗಿ ಮಿನುಗಿದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ ಅಂತ ಲೆಕ್ಕ.

ಬಲ್ಬ್ ಅದಲು ಬದಲು ಮಾಡಿ

ಲೈಟ್ ಆಫ್ ಮಾಡಿ, ಬಲ್ಬ್ ತಣ್ಣಗಾದ ಮೇಲೆ ಉರಿಯದ ಬಲ್ಬನ್ನು ಉರಿಯುವ ಕಡೆಗೆ ಹಾಕಿ. ಅಲ್ಲಿ ಉರಿದರೆ ಬಲ್ಬ್ ಸರಿ ಇದೆ, ತೊಂದರೆ ವೈರಿಂಗಲ್ಲಿದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಕೈಯ ಎಣ್ಣೆ ಅಂಟಿದರೆ ಬೇಗ ಸುಟ್ಟುಹೋಗುತ್ತೆ.

ಕಳ್ಳ ಅಂದ್ರೆ ಅರ್ಥ್

ಲೈಟ್ ಮಂಕಾಗಿ ಉರಿಯುತ್ತಿದ್ದರೆ, ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಸಣ್ಣಗೆ ಹೊತ್ತಿಕೊಂಡರೆ, ಅರ್ಥ್ ಸರಿಯಿಲ್ಲ. ಮಳೆ ನೀರು, ಕೆಸರಿಗೆ ಬಾಡಿಗೆ ಕೂಡಿಸಿದ ನಟ್ಟು ತುಕ್ಕು ಹಿಡಿದಿರುತ್ತೆ. ಬ್ಯಾಟರಿಯ ಮೈನಸ್‌ನಿಂದ ಒಂದು ವೈರ್ ತಂದು ಹೋಲ್ಡರಿನ ಅರ್ಥ್‌ಗೆ ಮುಟ್ಟಿಸಿ. ಬೆಳಕು ಹೆಚ್ಚಾದರೆ ಕಳ್ಳ ಸಿಕ್ಕಿಬಿದ್ದ. ನಟ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ವ್ಯಾಸ್ಲಿನ್ ಹಚ್ಚಿ.

ಫ್ಯೂಸ್ ಜೊತೆ ಆಟ ಬೇಡ

ಕೆಂಪು ಫ್ಯೂಸ್ 10 ಆಂಪ್, ನೀಲಿ 15, ಹಳದಿ 20. ಹೋದ ಜಾಗಕ್ಕೆ ಅಷ್ಟೇ ಆಂಪಿನದು ಹಾಕಬೇಕು. ಹೊಸದೂ ಹೋದರೆ ಎಲ್ಲೋ ಶಾರ್ಟ್ ಆಗಿದೆ: ವೈರ್ ಬಾಡಿಗೆ ಉಜ್ಜಿರಬಹುದು, ಇಲ್ಲಾ ಇಲಿ ಕಡಿದಿರಬಹುದು. ತಾಮ್ರದ ತಂತಿ ಸುತ್ತಿ 'ಅಡ್ಜಸ್ಟ್' ಮಾಡಿದರೆ ಫ್ಯೂಸ್ ಬದಲು ವೈರಿಂಗೇ ಸುಡುತ್ತೆ, ಗಾಡಿಗೆ ಬೆಂಕಿ ಹತ್ತಬಹುದು.

'ಬೆಳಕು ಜಾಸ್ತಿ ಬರುತ್ತೆ' ಅಂತ 100 ವಾಟ್ ಬಲ್ಬ್ ಹಾಕಿಸೋದೂ ಇದೇ ತಪ್ಪು. 12 ವೋಲ್ಟಿನಲ್ಲಿ 60 ವಾಟ್ ಬಲ್ಬ್ 5 ಆಂಪ್ ಎಳೆದರೆ, 100 ವಾಟಿನದು 8 ಆಂಪ್ ದಾಟುತ್ತೆ. ಆ ಬಿಸಿಗೆ ಹೋಲ್ಡರ್ ಕರಗುತ್ತೆ.

ಸುಟ್ಟ ವಾಸನೆ ಬಂದರೆ, ಪದೇ ಪದೇ ಫ್ಯೂಸ್ ಹೋದರೆ, ಎಲ್‌ಇಡಿ ಲೈಟಿನ ಹೊಸ ಕಾರಾದರೆ ನೀವೇ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಅಂಗಡಿಯವರಿಗೆ ಒಂದು ಸುಲಭ ಉಪಾಯ: ರಾತ್ರಿ ಶಟರ್ ಎಳೆದ ಮೇಲೆ ಗಾಡಿಯ ಹಿಂಬದಿ ಅದರ ಕಡೆ ಇರುವಂತೆ ನಿಲ್ಲಿಸಿ ಬ್ರೇಕ್ ಒತ್ತಿ. ಕನ್ನಡಿಯಲ್ಲಿ ಶಟರ್ ಮೇಲೆ ಎರಡೂ ಕಡೆ ಕೆಂಪು ಬೆಳಕು ಕಂಡರೆ ನೆಮ್ಮದಿಯಾಗಿ ಮನೆಗೆ ಹೊರಡಿ.