ಮುಂದಿರುವವರೇ ಗೆಲ್ಲುತ್ತಾರೆಯೇ?

ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯುವುದು ನಾಲ್ಕು ವರ್ಷಗಳಿಗೊಮ್ಮೆ, ನವೆಂಬರ್ ತಿಂಗಳಲ್ಲಿ. ಆದರೆ ಅದಕ್ಕಿಂತ ಒಂದು, ಒಂದೂವರೆ ವರ್ಷ ಮೊದಲೇ ಅಭಿಪ್ರಾಯ ಸಮೀಕ್ಷೆಗಳು ಶುರುವಾಗುತ್ತವೆ. ಡೆಮಾಕ್ರಟಿಕ್ ಪಕ್ಷದಲ್ಲಿ ಇಂಥವರು ಮುಂದಿದ್ದಾರೆ, ರಿಪಬ್ಲಿಕನ್ ಪಕ್ಷದಲ್ಲಿ ಇಂಥವರಿಗೆ ಎದುರಾಳಿಯೇ ಇಲ್ಲ ಎಂಬ ವರದಿಗಳು ಪತ್ರಿಕೆಗಳನ್ನು ತುಂಬುತ್ತವೆ. ಹೀಗೆ ಆರಂಭದಲ್ಲೇ ಮುಂದಿರುವ ವ್ಯಕ್ತಿಗೆ ಪಕ್ಷದ ಉಮೇದುವಾರಿಕೆ ಖಚಿತವೇ? ಕಳೆದ ಅರ್ಧ ಶತಮಾನದ ಚರಿತ್ರೆ ಕೊಡುವ ಉತ್ತರ ಕುತೂಹಲಕರವಾಗಿದೆ: ಹಲವು ಸಲ ಹೌದು, ಆದರೆ ಖಚಿತವೆಂದು ಹೇಳುವಂತಿಲ್ಲ.

ವರಿಷ್ಠರಿಂದ ಮತದಾರರಿಗೆ

1968ರವರೆಗೆ ಅಭ್ಯರ್ಥಿಯ ಆಯ್ಕೆಯಲ್ಲಿ ಪಕ್ಷದ ವರಿಷ್ಠರ ಮಾತೇ ನಡೆಯುತ್ತಿತ್ತು. ಆ ವರ್ಷ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಕಣದಿಂದ ಹಿಂದೆ ಸರಿದರು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಪ್ರಾಥಮಿಕ ಚುನಾವಣೆಗಳಲ್ಲಿ ಪ್ರಚಾರಕ್ಕೇ ಇಳಿಯದೆ ಷಿಕಾಗೋ ಮಹಾಧಿವೇಶನದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಹೊರಗೆ ಪೊಲೀಸರು ಪ್ರತಿಭಟನಕಾರರನ್ನು ಥಳಿಸುತ್ತಿದ್ದುದನ್ನು ದೇಶವೇ ದೂರದರ್ಶನದಲ್ಲಿ ನೋಡಿತು. ಈ ಕಹಿ ಅನುಭವದ ನಂತರ ನಿಯಮಗಳು ಬದಲಾದವು. 1972ರಿಂದ ಆಯ್ಕೆಯ ಅಧಿಕಾರ ಬಹುಮಟ್ಟಿಗೆ ಮತದಾರರ ಕೈಗೆ ಬಂತು.

ಈಗಿನ ಕ್ರಮ ಹೀಗಿದೆ. ಪ್ರತಿ ರಾಜ್ಯದ ಮತದಾರರು ಪಕ್ಷದ ಆಕಾಂಕ್ಷಿಗಳಲ್ಲಿ ಒಬ್ಬರಿಗೆ ಮತ ಹಾಕುವುದು ‘ಪ್ರೈಮರಿ’. ಊರೂರಲ್ಲಿ ಸಭೆ ಸೇರಿ ಒಲವು ಸೂಚಿಸುವುದು ‘ಕಾಕಸ್’. ಇವುಗಳ ಫಲಿತಾಂಶದ ಮೇಲೆ ಆಕಾಂಕ್ಷಿಗಳಿಗೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ಮಹಾಧಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರತಿನಿಧಿಗಳ ಬೆಂಬಲ ಪಡೆದವರೇ ಅಭ್ಯರ್ಥಿ. ಎಲ್ಲ ರಾಜ್ಯಗಳೂ ಒಂದೇ ದಿನ ಮತ ಹಾಕುವುದಿಲ್ಲ. ಸುಮಾರು ಐದು ತಿಂಗಳು ಸರದಿಯಂತೆ ನಡೆಯುತ್ತದೆ. ಮೊದಲ ರಾಜ್ಯದ ಫಲಿತಾಂಶ ನಂತರದ ರಾಜ್ಯಗಳ ಮನಸ್ಸನ್ನು ಬದಲಿಸಬಲ್ಲದು. ಮುಂದಿದ್ದವರು ಮುಗ್ಗರಿಸುವುದು ಇಲ್ಲಿಯೇ.

ಗೆದ್ದೂ ಸೋತವರು

1972ರಲ್ಲಿ ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ ಅವರೇ ಡೆಮಾಕ್ರಟಿಕ್ ಅಭ್ಯರ್ಥಿ ಎಂದು ಎಲ್ಲರೂ ನಂಬಿದ್ದರು. ತಮ್ಮನ್ನೂ ಪತ್ನಿಯನ್ನೂ ಟೀಕಿಸಿದ್ದ ಪತ್ರಿಕೆಯೊಂದರ ಕಚೇರಿಯ ಮುಂದೆ ಹಿಮ ಬೀಳುತ್ತಿರುವಾಗ ಅವರು ಆವೇಶದಿಂದ ಮಾತನಾಡಿದರು. ಅವರು ಅತ್ತರೆಂದು ವರದಿಗಳು ಬಂದವು; ಮುಖದ ಮೇಲಿದ್ದುದು ಕರಗಿದ ಹಿಮವೆಂದು ಅವರು ಹೇಳಿದರು. ನೆರೆಯ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ ಅವರಿಗೆ ಶೇ 46ರಷ್ಟು, ಜಾರ್ಜ್ ಮೆಕ್‌ಗವರ್ನ್ ಅವರಿಗೆ ಶೇ 37ರಷ್ಟು ಮತ ಬಂದವು. ಮಸ್ಕಿ ಗೆದ್ದಿದ್ದರು, ಆದರೆ ನಿರೀಕ್ಷೆ ಅದಕ್ಕಿಂತ ದೊಡ್ಡದಾಗಿತ್ತು. ಕೊನೆಗೆ ಉಮೇದುವಾರಿಕೆ ಮೆಕ್‌ಗವರ್ನ್ ಪಾಲಾಯಿತು.

ನಂತರವೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಹೊವಾರ್ಡ್ ಡೀನ್ 2003ರ ಕೊನೆಯಲ್ಲಿ ಮುಂಚೂಣಿಯಲ್ಲಿದ್ದರು. 2004ರ ಜನವರಿಯಲ್ಲಿ ಅಯೋವಾದಲ್ಲಿ ಮೂರನೆಯವರಾದರು. 2007ರ ಬಹುಕಾಲ ರಿಪಬ್ಲಿಕನ್ ಸಮೀಕ್ಷೆಗಳಲ್ಲಿ ಮೊದಲಿಗರಾಗಿದ್ದ ನ್ಯೂಯಾರ್ಕ್ ನಗರದ ಮಾಜಿ ಮೇಯರ್ ರೂಡಿ ಜೂಲಿಯಾನಿ 2008ರ ಜನವರಿ ಮುಗಿಯುವ ಮೊದಲೇ ಕಣ ಬಿಟ್ಟರು.

ಲೆಕ್ಕದ ಚಮತ್ಕಾರ

2008ರ ಡೆಮಾಕ್ರಟಿಕ್ ಸ್ಪರ್ಧೆ ಗಣಿತದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಹಿಲರಿ ಕ್ಲಿಂಟನ್ ಮುಂದಿದ್ದರು. ಆ ಪಕ್ಷದಲ್ಲಿ ಪ್ರತಿನಿಧಿಗಳು ಹಂಚಿಕೆಯಾಗುವುದು ಮತಗಳ ಪ್ರಮಾಣಕ್ಕೆ ತಕ್ಕಂತೆ. ಶೇ 15ಕ್ಕಿಂತ ಕಡಿಮೆ ಮತ ಪಡೆದವರಿಗೆ ಏನೂ ಸಿಗದು. ಒಂದೇ ದಿನ ನಡೆದ ಸ್ಪರ್ಧೆಗಳಲ್ಲಿ ಕ್ಲಿಂಟನ್ ದೊಡ್ಡ ರಾಜ್ಯವಾದ ನ್ಯೂಜೆರ್ಸಿಯನ್ನು ಗೆದ್ದು 59 ಪ್ರತಿನಿಧಿಗಳನ್ನು ಪಡೆದರು. ಬರಾಕ್ ಒಬಾಮಾ ಅವರಿಗೂ 48 ಮಂದಿ ದೊರೆತರು. ಅಂತರ 11. ಪುಟ್ಟ ರಾಜ್ಯವಾದ ಐಡಹೋದಲ್ಲಿ ಒಬಾಮಾ 15, ಕ್ಲಿಂಟನ್ 3. ಅಂತರ 12! ಸಣ್ಣ ರಾಜ್ಯಗಳನ್ನು ಅಲಕ್ಷಿಸಿದ್ದರ ಬೆಲೆ ದೊಡ್ಡದಾಯಿತು.

ರಿಪಬ್ಲಿಕನ್ನರ ಲೆಕ್ಕ ಬೇರೆ. ಕೆಲವು ರಾಜ್ಯಗಳಲ್ಲಿ ಮೊದಲಿಗರಿಗೇ ಹೆಚ್ಚಿನ ಪಾಲು. 2016ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್ ಪಡೆದದ್ದು ಸುಮಾರು ಮೂರನೇ ಒಂದು ಭಾಗ ಮತ. ಪ್ರತಿನಿಧಿಗಳು ಮಾತ್ರ 50ಕ್ಕೆ 50. ಅಪಾರ ಹಣ ಸಂಗ್ರಹವಾಗಿದ್ದ ಜೆಬ್ ಬುಷ್ ಅದೇ ರಾತ್ರಿ ಸ್ಪರ್ಧೆಯಿಂದ ಹಿಂದೆ ಸರಿದರು. ವಿರೋಧಿಗಳ ಮತ ಒಡೆದಾಗ ಮುಂದಿರುವವರ ದಾರಿ ಸುಗಮವಾಗುತ್ತದೆ.

ಹಾಗಾದರೆ ಸಮೀಕ್ಷೆಗಳೆಲ್ಲ ಸುಳ್ಳೇ?

ಹಾಗೇನೂ ಇಲ್ಲ. 2000ದಲ್ಲಿ ಜಾರ್ಜ್ ಡಬ್ಲ್ಯು. ಬುಷ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಸೋತರೂ ಚೇತರಿಸಿಕೊಂಡು ಅಭ್ಯರ್ಥಿಯಾದರು. 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಐದನೆಯವರಾಗಿದ್ದರು. ದಕ್ಷಿಣ ಕೆರೊಲಿನಾದ ಕಪ್ಪು ಜನರ ಬೆಂಬಲ ಅವರನ್ನು ಮೇಲೆತ್ತಿತು. 2024ರಲ್ಲಿ ಟ್ರಂಪ್ ಮೊದಲಿನಿಂದ ಕೊನೆಯವರೆಗೂ ಮುಂದೆಯೇ ಇದ್ದರು.

ಆದ್ದರಿಂದ ಇಂಥ ಸುದ್ದಿಯನ್ನು ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಈ ಮುನ್ನಡೆ ಬೆಂಬಲದ್ದೋ, ಬರೀ ಹೆಸರಿನ ಪರಿಚಯದ್ದೋ? ಮೊದಲು ಮತ ಹಾಕುವ ರಾಜ್ಯಗಳಲ್ಲೂ ಅದು ಇದೆಯೇ? ಎದುರಾಳಿಗಳು ಎಷ್ಟು ಮಂದಿ, ಒಗ್ಗೂಡುವ ಸಾಧ್ಯತೆ ಇದೆಯೇ? 1976ಕ್ಕೆ ಮೊದಲು ಜಿಮ್ಮಿ ಕಾರ್ಟರ್ ಹೆಸರನ್ನು ಜಾರ್ಜಿಯಾದ ಹೊರಗೆ ಬಲ್ಲವರು ಕಡಿಮೆ. ಆ ವರ್ಷ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

‘ಖಚಿತ’ ಎಂಬ ಮಾತಿಗೆ ಮತ್ತೊಂದು ಅಪಾಯವೂ ಇದೆ. ಎಲ್ಲರೂ ಅದನ್ನು ನಂಬಿದರೆ ಸಮರ್ಥರು ಸ್ಪರ್ಧೆಗಿಳಿಯುವುದಿಲ್ಲ, ಹಣ ಒಬ್ಬರ ಕಡೆಗೇ ಹರಿಯುತ್ತದೆ, ಮತದಾರ ಮನೆಯಲ್ಲೇ ಉಳಿಯುತ್ತಾನೆ. 2024ರಲ್ಲಿ ಅಧಿಕಾರದಲ್ಲಿದ್ದ ಬೈಡನ್ ಅವರಿಗೆ ಪಕ್ಷದೊಳಗೆ ಪ್ರಬಲ ಎದುರಾಳಿ ಇರಲಿಲ್ಲ. ಪ್ರೈಮರಿಗಳು ಶಾಸ್ತ್ರಕ್ಕೆ ಮುಗಿದವು. ಜೂನ್ 27ರ ಚರ್ಚೆಯಲ್ಲಿ ಅವರು ತಡವರಿಸಿದರು, ಜುಲೈ 21ರಂದು ಹಿಂದೆ ಸರಿದರು. ಪ್ರತಿನಿಧಿಗಳು ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ಆ ಆಯ್ಕೆಯಲ್ಲಿ ಸಾಮಾನ್ಯ ಮತದಾರನಿಗೆ ಅವರ ಹೆಸರಿಗೆ ಮತ ಹಾಕುವ ಅವಕಾಶವೇ ಬರಲಿಲ್ಲ. ಸ್ಪರ್ಧೆಯಲ್ಲಿ ಪರೀಕ್ಷೆಗೊಳಗಾಗದ ಮುನ್ನಡೆ ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.