ಮುರಕಲ್ಲು ಪದವಿನ ನೀಲಿ ಹೂಗಳು

ಆಗಸ್ಟ್ ಕಳೆಯುತ್ತಿದ್ದಂತೆ ಕರಾವಳಿಯ ಮುರಕಲ್ಲು ಪದವುಗಳು, ಅಂದರೆ ಜಂಬಿಟ್ಟಿಗೆಯ ಬಯಲುಗಳು, ಅಲ್ಲಲ್ಲಿ ನೀಲಿಗಟ್ಟುತ್ತವೆ. ಕಲ್ಲಿನ ಮೇಲೆ ಮಣ್ಣು ಇದ್ದರೂ ಬೆರಳುದ್ದ. ಇಂಗದ ಮಳೆನೀರು ತೆಳುವಾಗಿ ನಿಂತಿರುತ್ತದೆ. ಗೇಣುದ್ದವೂ ಬೆಳೆಯದ ಗಿಡಗಳು ಅಲ್ಲೇ ಸಾವಿರಗಟ್ಟಲೆ ಹೂ ಬಿಡುತ್ತವೆ. ನಿಂತು ನೋಡಿದರೆ ಎಲ್ಲ ಒಂದೇ ಥರ; ಗುರುತು ಸಿಗಬೇಕಾದರೆ ಮಂಡಿಯೂರಲೇಬೇಕು.

ಈ ನೀಲಿಯಲ್ಲಿ ಬಹುಪಾಲು ಯುಟ್ರಿಕ್ಯುಲೇರಿಯ. ಎದುರಿನಿಂದ ಒಂದು ಫೋಟೊ ಹೊಡೆದುಕೊಂಡು ಬಂದರೆ ಸಾಲದು, ಹೂವಿನ ಪಕ್ಕಕ್ಕೆ ಬನ್ನಿ. ಮೇಲೊಂದು ಚಿಕ್ಕ ತುಟಿ, ಕೆಳಗೊಂದು ಅಗಲ ತುಟಿ, ಅದರಡಿಯಿಂದ ಚಾಚಿದ ಚೂಪು ಕೊಂಬು, ಬೆನ್ನಿಗೆ ಎರಡೇ ಎರಡು ಪುಷ್ಪಪತ್ರ. ಇಷ್ಟು ಕಂಡರೆ ಕುಲ ಖಚಿತ. ಪ್ರಭೇದ ತಿಳಿಯಲು ಕೊಂಬು ನೆಟ್ಟಗಿದೆಯೋ ಬಾಗಿದೆಯೋ, ಕೆಳತುಟಿಗಿಂತ ಉದ್ದವೋ ಗಿಡ್ಡವೋ ನೋಡಬೇಕು. ಗದ್ದೆಯಲ್ಲಿ ಪೈರಿಗೋ ಹುಲ್ಲಿಗೋ ಸುತ್ತಿಕೊಂಡು, ತುಟಿಯ ಮೇಲೆ ಬಲೆಯಂಥ ಗೆರೆ ತೋರಿಸಿದರೆ ಅದು ಯುಟ್ರಿಕ್ಯುಲೇರಿಯ ರೆಟಿಕ್ಯುಲೇಟ. ಬುಡದಲ್ಲಿ ಎಲೆ ಕಾಣದಿರಬಹುದು. ಕೆಸರಿನೊಳಗೆ ಮಾತ್ರ ಪುಟಾಣಿ ಚೀಲಗಳಿವೆ. ಬಾಗಿಲಿಗೆ ತಾಕಿದ ಸೂಕ್ಷ್ಮಜೀವಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆಳೆದುಕೊಳ್ಳುತ್ತವೆ. ಸಾರಜನಕವೇ ಸಿಗದ ನೆಲದಲ್ಲಿ ಬೇಟೆಯೇ ಅವಕ್ಕೆ ಗೊಬ್ಬರ.

ಅಲ್ಲೇ ಬೆಳೆಯುವ ಇನ್ನೊಂದು ಕೀಟಾಹಾರಿ ಗಿಡ ಡ್ರೊಸೆರಾದ್ದೂ ಅದೇ ಹಸಿವು. ಎಲೆಗಳು ಚಕ್ರಾಕಾರವಾಗಿ ನೆಲಕ್ಕೆ ಅಂಟಿದ್ದರೆ ಬರ್ಮನ್ನಿ. ಗಿಡ ನೆಟ್ಟಗೆ ನಿಂತು ಎಲೆ ಸಪೂರವಾಗಿ ಉದ್ದವಾಗಿದ್ದರೆ ಇಂಡಿಕ. ರೋಮದ ತುದಿಯಲ್ಲಿ ಹೊಳೆಯುವುದು ಇಬ್ಬನಿಯಲ್ಲ, ಅಂಟು. ಬಿಸಿಲೇರಿದ ಮೇಲೂ ಆ ಹನಿ ಹಾಗೇ ಇರುತ್ತದೆ.

ನಡುನಡುವೆ ಅಂಗಿಯ ಗುಂಡಿಯಂತೆ ಕಾಣುವ ಬಿಳಿ ಹೂ ಎರಿಯೊಕಾಲಾನ್. ಒಂದೊಂದು ಗುಂಡಿಯೂ ಪುಟ್ಟ ಹೂಗಳ ಗೊಂಚಲು. ಇದರ ಪ್ರಭೇದ ಬರಿಗಣ್ಣಿಗೆ ದಕ್ಕುವುದು ಕಷ್ಟ, ಬೀಜವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಕುಲದ ಹೆಸರು ಬರೆದು ಅಲ್ಲಿಗೆ ನಿಲ್ಲಿಸುವುದೇ ಸರಿ.

ಯಾವುದನ್ನೂ ಕೀಳಬೇಡಿ. ಎದುರಿಗೊಂದು, ಪಕ್ಕದಿಂದೊಂದು, ಎಲೆಯದೊಂದು, ಅಳತೆಗೆ ನಾಣ್ಯವಿಟ್ಟು ಒಂದು ಚಿತ್ರ. ಜೊತೆಗೆ ನೀರು ಹರಿಯುತ್ತಿತ್ತೋ ನಿಂತಿತ್ತೋ ಎಂಬ ಒಂದು ಸಾಲು ಟಿಪ್ಪಣಿ.

ಸತಾರಾದ ಕಾಸ್ ಪ್ರಸ್ಥಭೂಮಿಯಲ್ಲೂ ಯುಟ್ರಿಕ್ಯುಲೇರಿಯ ಕುಲದ ಹೂಗಳಿವೆ. ಮರಾಠಿಗರು ಅವನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. 2012ರಿಂದ ಆ ಪ್ರಸ್ಥಭೂಮಿ ವಿಶ್ವ ಪರಂಪರೆಯ ತಾಣದ ಒಂದು ಭಾಗ. ನಮ್ಮ ಪದವುಗಳಿಗೆ ಪಾಳು ಜಾಗವೆಂಬ ಹಣೆಪಟ್ಟಿ, ಮೇಲೆ ಕಲ್ಲುಕೋರೆ. ನೀರು ಆರಿದ ಮೇಲೆ ಈ ಗಿಡಗಳು ಹೆಚ್ಚಾಗಿ ಬೀಜವಾಗಿ ಬಿರುಕುಗಳಲ್ಲಿ ಉಳಿಯುತ್ತವೆ. ಏಪ್ರಿಲ್‌ನಲ್ಲಿ ಸರ್ವೆ ಮಾಡಿದವರಿಗೆ ಕಲ್ಲಷ್ಟೇ ಕಾಣುತ್ತದೆ. ಪದವಿನ ಸರ್ವೆ ಸೆಪ್ಟೆಂಬರ್‌ನಲ್ಲಿ ಆಗಬೇಕು.