ರಕ್ತ ಪರೀಕ್ಷೆಗೆ ಮುನ್ನ ಮೈ ನೋಡಿ

ಮಳೆಗಾಲ ಬಂತೆಂದರೆ ರಾಮನಗರ, ಚನ್ನಪಟ್ಟಣದಲ್ಲಿ ಜ್ವರದಿಂದ ಮಲಗಿದವರನ್ನು ನೆಂಟರೆಲ್ಲ ಕೇಳುವುದು ಒಂದೇ ಮಾತು: ‘ಪ್ಲೇಟ್‌ಲೆಟ್ ಎಷ್ಟಿದೆ?’ ಡೆಂಗಿಯ ಭಯ ಸಹಜ. ಆದರೆ ಪ್ಲೇಟ್‌ಲೆಟ್ ಇಳಿಸುವುದು ಡೆಂಗಿ ಮಾತ್ರವಲ್ಲ. ಪೊದೆ, ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಅದು ಇಳಿಯುತ್ತದೆ. ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ಸ್ಕ್ರಬ್ ಟೈಫಸ್‌ಗೆ ಅಗ್ಗದ ಮಾತ್ರೆಯೇ ಇದೆ. ಗುರುತಿಸದೆ ಬಿಟ್ಟರೆ ಮಾತ್ರ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ಹಬ್ಬಿ ಪ್ರಾಣಕ್ಕೇ ಕುತ್ತು ತರುತ್ತದೆ.

ಚರ್ಮದ ಮೇಲಿನ ಗುರುತು

ನುಸಿ ಕಚ್ಚಿದ 6ರಿಂದ 21 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಏಳಬಹುದು. ಅದು ನೋಯದು, ತುರಿಸದು. ಕಂಕುಳು, ತೊಡೆಸಂದು, ಉಡಿದಾರದ ಕೆಳಗೆ ಅಡಗಿರುವುದರಿಂದ ರೋಗಿಗೇ ಗೊತ್ತಾಗದು.

ಉಣ್ಣೆಯಿಂದ ಹರಡುವ ಲೈಮ್ ಕಾಯಿಲೆಯೂ ಚರ್ಮದಲ್ಲೇ ಸುಳಿವು ಕೊಡುತ್ತದೆ. ಅಮೆರಿಕದ ಕನೆಕ್ಟಿಕಟ್‌ನ ಲೈಮ್ ಊರಿನ ಹೆಸರು ಹೊತ್ತ ಈ ರೋಗ ನಮ್ಮಲ್ಲಿ ಅಪರೂಪ. ಆದರೂ ನಾಗರಹೊಳೆ, ಬಂಡೀಪುರದ ಅರಣ್ಯ ಸಿಬ್ಬಂದಿಯ ರಕ್ತದಲ್ಲಿ ಅದರ ರೋಗಾಣುವಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದಿವೆ. ಕಚ್ಚಿದ 3ರಿಂದ 30 ದಿನಗಳಲ್ಲಿ ಒಂದು ಮಚ್ಚೆ ಎದ್ದು ದಿನದಿನಕ್ಕೂ ಅಗಲವಾಗುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಂಪಾಗಿಯೇ ಕಾಣಬೇಕೆಂದಿಲ್ಲ. ಚಿಕಿತ್ಸೆ ತಡವಾದರೆ ಕೀಲು, ನರ, ಹೃದಯಕ್ಕೆ ಪೆಟ್ಟು.

ವರದಿಗೆ ಕಾಯಬೇಡಿ

ಎರಡೂ ರೋಗಗಳಲ್ಲಿ ದೇಹ ಪ್ರತಿಕಾಯ ತಯಾರಿಸಲು ಸಮಯ ಬೇಕು. ಹಾಗಾಗಿ ಮೊದಲ ದಿನಗಳ ವರದಿ ‘ನೆಗೆಟಿವ್’ ಬಂದರೂ ರೋಗವಿಲ್ಲವೆಂದು ಹೇಳಲಾಗದು. ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಗೆ ರಕ್ತ ಕಳಿಸಿ, ಲಕ್ಷಣ ನೋಡಿಯೇ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ. ಎರಡಕ್ಕೂ ಮುಖ್ಯ ಔಷಧ ಡಾಕ್ಸಿಸೈಕ್ಲಿನ್. ಸ್ಕ್ರಬ್ ಟೈಫಸ್‌ನಲ್ಲಿ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ಸ್ಕ್ರಬ್ ಟೈಫಸ್ ಇರುವ ಗರ್ಭಿಣಿಯರಿಗೆ ಅಜಿಥ್ರೊಮೈಸಿನ್ ಕೊಡುತ್ತಾರೆ. ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆಗಳಲ್ಲ ಇವು.

ಮೈಗೆ ಕಚ್ಚಿದ ಉಣ್ಣೆಗೆ ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ತಪ್ಪು. ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಬೇಕು. ಹೊಲದಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸಬೇಕು.

ಮಾಗಡಿಯ ಸಾವನದುರ್ಗ ಹತ್ತಿದವರು, ಕನಕಪುರದ ಕಾಡಂಚಿನಲ್ಲಿ ದನ ಮೇಯಿಸುವವರು, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವರು ಜ್ವರ ಬಂದಾಗ ವೈದ್ಯರಿಗೆ ಆ ಮಾತನ್ನು ಮೊದಲು ಹೇಳಬೇಕು. ಹೆಂಗಸರು ಸಂಕೋಚದಿಂದ ಮೈಯ ಗುರುತು ತೋರಿಸದೆ ಉಳಿಯುವುದುಂಟು. ಅವರಿಗಾಗಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪರದೆಯ ಮರೆ, ಮಹಿಳಾ ಸಿಬ್ಬಂದಿ ಇರಬೇಕು. ಜ್ವರದ ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡುವ ಐದು ನಿಮಿಷವನ್ನು ನಮ್ಮ ಆಸ್ಪತ್ರೆಗಳು ಉಳಿಸಿಕೊಳ್ಳಲೇಬೇಕು. ತೀವ್ರ ನಿಗಾ ಘಟಕದ ಎಷ್ಟೋ ದಿನಗಳನ್ನು ಅದು ತಪ್ಪಿಸಬಲ್ಲದು.